ಹುಡುಗರಿಗೆ ಇನ್ನೊಂದು ವರ್ಷ ಕೊಡಿ

ಸಿಡ್ನಿಯಲ್ಲಿ ಫೆಬ್ರುವರಿ ಎಂದರೆ ಸುಡುವ ಬೇಸಿಗೆ. ರಗ್ಬಿ ಲೀಗ್ ಅಲ್ಲಿ ಚಳಿಗಾಲದ ಆಟ. ದೊಡ್ಡವರ ಎನ್‌ಆರ್‌ಎಲ್ ಟೂರ್ನಿ ಮಾರ್ಚ್ ಆರಂಭದಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಹುಡುಗರ ಪ್ರಾತಿನಿಧಿಕ ಲೀಗ್ ಮಾತ್ರ ಸೆಖೆಯಲ್ಲೇ ಆರಂಭ. 17 ವರ್ಷದೊಳಗಿನವರ ಹೆರಾಲ್ಡ್ ಮ್ಯಾಥ್ಯೂಸ್ ಕಪ್ ಮತ್ತು 19 ವರ್ಷದೊಳಗಿನವರ ಎಸ್.ಜಿ. ಬಾಲ್ ಕಪ್ ಎರಡೂ ಒಂಬತ್ತು ಸುತ್ತುಗಳ ಆಸುಪಾಸಿನಲ್ಲಿ ಲೀಗ್ ಹಂತ ಮುಗಿಸುತ್ತವೆ. ಚಳಿ ಬಲಿಯುವ ಮೊದಲೇ ಫೈನಲ್ ಕೂಡ ಆಗಿಹೋಗಿರುತ್ತದೆ. ಹದಿನಾರರ ಹುಡುಗನೊಬ್ಬ ಮುಂದೆ ಬರುತ್ತಾನೋ ಇಲ್ಲವೋ ಎಂದು ಕ್ಲಬ್ಬುಗಳು ಲೆಕ್ಕ ಹಾಕುವುದು ಬಹುಮಟ್ಟಿಗೆ ಈ ಕೆಲವು ವಾರಗಳಲ್ಲಿ. ಮಂಡಿ ಉಳುಕಿ ಮೂರು ಪಂದ್ಯ ತಪ್ಪಿಸಿಕೊಂಡರೆ ಮೂರನೇ ಒಂದು ಭಾಗ ಕೈಬಿಟ್ಟಂತೆ.

ಇದು ಅವಸರದ ತೀರ್ಪು ಎಂಬುದು ನನ್ನ ವಾದ. ಇಂಥ ಅವಸರದಿಂದ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಹತ್ತು ವರ್ಷ ಕೈಸುಟ್ಟುಕೊಂಡು ಕಲಿತಿದೆ.

ರಗ್ಬಿ ಎಂದೊಡನೆ ನಮ್ಮವರಿಗೆ 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್, ಅದರಲ್ಲಿ ಆಡಿದ ಬೆಂಗಳೂರು ಬ್ರೇವ್‌ಹಾರ್ಟ್ಸ್ ನೆನಪಾಗಬಹುದು. ತಂಡಕ್ಕೆ ಏಳು ಜನರ ಆ ಆಟ ರಗ್ಬಿ ಯೂನಿಯನ್ನಿನ ಕವಲು. ರಗ್ಬಿ ಲೀಗ್ ಬೇರೆ. ಇಲ್ಲಿ ತಂಡಕ್ಕೆ 13 ಜನ, ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಾಳಿಗೆ. (ಕಬಡ್ಡಿ ನೋಡಿ ಬೆಳೆದವರಿಗೆ ಈ ಹಿಡಿತದ ಆಟ ಬೇಗ ರುಚಿಸುತ್ತದೆ.) 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಹೋಟೆಲೊಂದರಲ್ಲಿ ಸೇರಿ ಮೂಲ ಸಂಸ್ಥೆಯಿಂದ ಹೊರಬಂದವು. ಪಂದ್ಯಕ್ಕಾಗಿ ಕೆಲಸ ಬಿಟ್ಟು ಬರುವ ಗಿರಣಿ, ಗಣಿ ಕಾರ್ಮಿಕರಿಗೆ ತಪ್ಪಿದ ಕೂಲಿಯನ್ನು ತುಂಬಿಕೊಡಬೇಕೇ ಬೇಡವೇ ಎಂಬುದೇ ಜಗಳ. 1908ರಲ್ಲಿ ಸಿಡ್ನಿಯಲ್ಲೂ ಲೀಗ್ ಆರಂಭವಾಯಿತು. ಕೂಲಿಯ ಪ್ರಶ್ನೆಯಿಂದಲೇ ಹುಟ್ಟಿದ ಆಟವಾದ್ದರಿಂದ ಹುಡುಗರ ಲೀಗಿನಲ್ಲಿ ದುಡ್ಡಿನ ಮಾತು ಬಂತೆಂದು ಮೂಗು ಮುರಿಯಬೇಕಿಲ್ಲ. ಯಾವ ವಯಸ್ಸಿಗೆ, ಎಷ್ಟು ಜನರ ಕಣ್ಣೆದುರು ಎಂಬುದಷ್ಟೇ ಪ್ರಶ್ನೆ.

2008ರಲ್ಲಿ, ಅಂದರೆ ಬೆಂಗಳೂರಿನಲ್ಲಿ ಮೊದಲ ಐಪಿಎಲ್ ಪಂದ್ಯ ನಡೆದ ವರ್ಷವೇ, ಎನ್‌ಆರ್‌ಎಲ್ 20 ವರ್ಷದೊಳಗಿನವರಿಗಾಗಿ ರಾಷ್ಟ್ರೀಯ ಯುವ ಲೀಗನ್ನು ಕಟ್ಟಿತು. ಪ್ರಾಯೋಜಕರ ಹೆಸರು ಹೊತ್ತು ಅದು ಮೊದಲು ಟೊಯೋಟ ಕಪ್, ಆಮೇಲೆ ಹೋಲ್ಡನ್ ಕಪ್ ಆಯಿತು. ದೊಡ್ಡವರ ಪಂದ್ಯಕ್ಕೆ ಮೊದಲು ಅದೇ ಮೈದಾನದಲ್ಲಿ ಹುಡುಗರ ಪಂದ್ಯ, ಟಿವಿಯಲ್ಲಿ ನೇರ ಪ್ರಸಾರ. ನೋಡಲು ಮಜಾ ಇತ್ತು, ಸುಳ್ಳು ಹೇಳಬಾರದು. ರಕ್ಷಣೆಯ ಗೋಜಿಗೆ ಹೋಗದೆ ಅಂಕ ಸೂರೆ ಮಾಡುವ ಆಟ. 2010ರ ಫೈನಲ್ಲಿನಲ್ಲಿ ನ್ಯೂಜಿಲೆಂಡ್ ವಾರಿಯರ್ಸ್ 42–28ರಿಂದ ಸೌತ್ ಸಿಡ್ನಿಯನ್ನು ಮಣಿಸಿತು. ಮರುವರ್ಷ ಅದೇ ವಾರಿಯರ್ಸ್ 31–30ರಿಂದ ಗೆದ್ದಿತು.

ಆದರೆ ಬೆಲೆ ತೆತ್ತವರು ಯಾರು? ಟೌನ್ಸ್‌ವಿಲ್ ತಂಡದ ಹುಡುಗರು ಮೆಲ್ಬರ್ನ್‌ಗೆ 2 ಸಾವಿರ ಕಿಲೊಮೀಟರಿಗೂ ಹೆಚ್ಚು ಹಾರಬೇಕಿತ್ತು, ಸಮುದ್ರ ದಾಟಿ ಆಕ್ಲೆಂಡಿಗೂ ಹೋಗಬೇಕಿತ್ತು. ಓದು ಅಥವಾ ಕೆಲಸ ಇಲ್ಲದವನಿಗೆ ಆಟವೂ ಇಲ್ಲ ಎಂಬ ಒಳ್ಳೆಯ ನಿಯಮ ಬಂತು. ಆದರೆ ಟಿವಿಯಲ್ಲಿ ಮುಖ ಕಾಣುವ ಹತ್ತೊಂಬತ್ತರ ಹುಡುಗನಿಗೆ ಪ್ಲಂಬರ್ ತರಬೇತಿಯೇ ನಿನ್ನ ನಿಜವಾದ ಬದುಕು ಎಂದು ಯಾರು ಮನದಟ್ಟು ಮಾಡಿಸಿಯಾರು? ಈ ಆಟಗಾರರಲ್ಲಿ ದೊಡ್ಡ ಪಾಲು ಸಮೋವ, ಟಾಂಗಾ ಮೂಲದ ವಲಸಿಗ ಕುಟುಂಬಗಳ ಮಕ್ಕಳು. ಅಲ್ಲಿ ಒಪ್ಪಂದ ಸಿಗುವುದು ಒಬ್ಬ ಮಗನಿಗಲ್ಲ, ಅಪ್ಪ ಅಮ್ಮ, ತಂಗಿಯರು, ಚರ್ಚಿನ ಬಂಧುಬಳಗ ಎಲ್ಲರಿಗೂ. ಕೈತಪ್ಪಿದಾಗ ಆಗುವ ನಾಚಿಕೆಯೂ ಅಷ್ಟೇ ದೊಡ್ಡದು. 2013ರಲ್ಲಿ ಐದೇ ವಾರಗಳ ಅಂತರದಲ್ಲಿ, ಈ ಲೀಗಿನಲ್ಲಿ ಆಡಿದ್ದ ಇಪ್ಪತ್ತರ ಇಬ್ಬರು ಯುವಕರು ಪ್ರಾಣ ಕಳೆದುಕೊಂಡರು. ಅಂಥ ಸಾವಿಗೆ ಒಂದೇ ಕಾರಣ ಹುಡುಕುವುದು ಅನ್ಯಾಯ. ಆದರೆ ಎಳೆಯರ ಮೇಲಿನ ಒತ್ತಡದ ಬಗ್ಗೆ ಕ್ಲಬ್ಬುಗಳು ಗಟ್ಟಿಯಾಗಿ ಮಾತನಾಡಲು ಶುರುಮಾಡಿದ್ದು ಆ ನಂತರವೇ.

ಇಷ್ಟೆಲ್ಲ ಮಾಡಿ ದೊಡ್ಡ ಆಟಗಾರರಾದರೂ ಸಿಕ್ಕರೇ? ಸಿಕ್ಕರು. ಮೊದಲ ವರ್ಷದ ಶ್ರೇಷ್ಠ ಆಟಗಾರನಾದ ಬೆನ್ ಹಂಟ್ ಮುಂದೆ ಆಸ್ಟ್ರೇಲಿಯಾ ತಂಡಕ್ಕೂ ಆಡಿದ. ಟ್ರೋಫಿಗಳ ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ. ಯುವ ಲೀಗನ್ನು ಮೂರು ಸಲ ಗೆದ್ದ ವಾರಿಯರ್ಸ್ ಕ್ಲಬ್ಬಿಗೆ ದೊಡ್ಡವರ ಪ್ರಶಸ್ತಿ ಇನ್ನೂ ಒಮ್ಮೆಯೂ ಒಲಿದಿಲ್ಲ. ಚೊಚ್ಚಲ ಯುವ ಚಾಂಪಿಯನ್ ಕ್ಯಾನ್ಬೆರಾ ದೊಡ್ಡವರಲ್ಲಿ ಕೊನೆಯ ಬಾರಿ ಗೆದ್ದದ್ದು 1994ರಲ್ಲಿ. ಪೆನ್ರಿತ್ ಎರಡು ಯುವ ಪ್ರಶಸ್ತಿ ಗೆದ್ದು, ಮುಂದೆ 2021ರಿಂದ 2024ರವರೆಗೆ ಸತತ ನಾಲ್ಕು ಬಾರಿ ಎನ್‌ಆರ್‌ಎಲ್ ಗೆದ್ದಿತಲ್ಲ ಎಂದು ಕೆಲವರು ಕೇಳುತ್ತಾರೆ. ಪೆನ್ರಿತ್‌ನ ಬಲ ಆ ಟ್ರೋಫಿಗಳಲ್ಲಿಲ್ಲ. ಜರೋಮ್ ಲುವಾಯ್, ಬ್ರಯನ್ ಟೋ'ಒ ಅಂಥವರನ್ನು ಬೆಳೆಸಿದ ಸೇಂಟ್ ಮೇರೀಸ್, ಮೌಂಟ್ ಡ್ರೂಯಿಟ್ ಬಡಾವಣೆಗಳ ಮಕ್ಕಳ ಕ್ಲಬ್ಬುಗಳಲ್ಲಿದೆ.

2017ರ ನಂತರ ರಾಷ್ಟ್ರೀಯ ಲೀಗನ್ನು ಮುಚ್ಚಿ, ಹುಡುಗರನ್ನು ಮತ್ತೆ ರಾಜ್ಯ ಮಟ್ಟದ ಟೂರ್ನಿಗಳಿಗೆ ಕಳಿಸಲಾಯಿತು. ಖರ್ಚು ಮುಖ್ಯ ಕಾರಣವಾದರೂ ಅದು ಸರಿಯಾದ ನಿರ್ಧಾರ. ಅದಕ್ಕಿಂತ ಒಳ್ಳೆಯ ಸುಧಾರಣೆ ಸದ್ದಿಲ್ಲದೆ ಆಯಿತು. ಕೋವಿಡ್‌ನಿಂದ 2020ರ ಋತು ನಿಂತುಹೋದ ಮೇಲೆ ಹೆರಾಲ್ಡ್ ಮ್ಯಾಥ್ಯೂಸ್ 16ರಿಂದ 17ಕ್ಕೆ, ಎಸ್.ಜಿ. ಬಾಲ್ 18ರಿಂದ 19ಕ್ಕೆ, ಅವೆರಡರ ಮೇಲಿನ ಹಂತದ ಜೆರ್ಸಿ ಫ್ಲೆಗ್ ಕಪ್ 20ರಿಂದ 21ಕ್ಕೆ ಏರಿತು. ಮೂರೂ ಹಂತಗಳಲ್ಲಿ ಹುಡುಗರಿಗೆ ಒಂದೊಂದು ವರ್ಷ ಹೆಚ್ಚು ಸಿಕ್ಕಿತು. ವಯೋಮಿತಿ ಜನವರಿ 1ಕ್ಕೆ ಲೆಕ್ಕವಾಗುವ ಕಾರಣ, ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಪೈಪೋಟಿ ನಡೆಸುತ್ತಾರೆ. ಮೈಗೆ ಮೈ ಡಿಕ್ಕಿ ಹೊಡೆಯುವ ಆಟದಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಕಿಲೋಗಟ್ಟಲೆ ತೂಕದ ವ್ಯತ್ಯಾಸ. ತಡವಾಗಿ ಬೆಳೆಯುವವನಿಗೆ ಬೇಕಾದ್ದು ಕಾಲಾವಕಾಶವೇ ಹೊರತು ಕನಿಕರವಲ್ಲ.

ಚಿಕ್ಕ ಋತುವಿನ ಪರವಾಗಿಯೂ ಒಂದು ನ್ಯಾಯವಾದ ಮಾತಿದೆ. ಏಪ್ರಿಲ್, ಮೇ ಹೊತ್ತಿಗೆ ಬಿಡುವಾದರೆ ಹುಡುಗ ಚಳಿಗಾಲದಲ್ಲಿ ತನ್ನ ಶಾಲೆಗೆ, ಬಡಾವಣೆಯ ಕ್ಲಬ್ಬಿಗೆ ಆಡಬಹುದು. ಒಪ್ಪಿದೆ. ಹಾಗಿದ್ದರೆ ಪ್ರತಿಭೆ ಹುಡುಕುವವರೂ ಆ ಮೈದಾನಗಳಿಗೆ ಚಳಿಗಾಲವಿಡೀ ಹೋಗಲಿ, ಒಪ್ಪಂದದ ಮಾತು ಸೆಪ್ಟೆಂಬರ್ ತನಕ ಕಾಯಲಿ. 17 ಕ್ಲಬ್ಬುಗಳ ಮುಖ್ಯ ತಂಡಗಳಲ್ಲಿ, ತಲಾ 30ರಂತೆ, ಒಟ್ಟು 510 ಸ್ಥಾನಗಳು. ಅವೂ ಬಹುಪಾಲು ತುಂಬಿರುತ್ತವೆ.

2027ಕ್ಕೆ ಪರ್ತ್, 2028ಕ್ಕೆ ಪಪುವಾ ನ್ಯೂಗಿನಿ ತಂಡ ಎನ್‌ಆರ್‌ಎಲ್‌ಗೆ ಸೇರಬೇಕಿದೆ. ಎರಡಕ್ಕೂ ಎಳೆಯ ಆಟಗಾರರ ಹಸಿವು ಇದ್ದೇ ಇರುತ್ತದೆ. ಪರ್ತ್‌ನ ಹದಿನೇಳರ ಹುಡುಗರನ್ನು ಸಿಡ್ನಿಯ ಲೀಗಿನಲ್ಲಿ ಆಡಿಸಬೇಕೆಂದರೆ ಒಂದೊಂದು ಪಂದ್ಯಕ್ಕೂ 3 ಸಾವಿರ ಕಿಲೊಮೀಟರಿಗೂ ಹೆಚ್ಚು ಪ್ರಯಾಣ. ವಿಮಾನದ ಟಿಕೆಟ್ ದರ ನೋಡಿ ರಾಷ್ಟ್ರೀಯ ಯುವ ಲೀಗನ್ನು ಮುಚ್ಚಿದವರೇ ಈಗ ಪಶ್ಚಿಮದಲ್ಲಿ ಸ್ಥಳೀಯ ಲೀಗ್ ಬೆಳೆಸಲು ದುಡ್ಡು ಸುರಿಯಬೇಕೋ, ಮತ್ತೆ ಟಿಕೆಟ್ ಕೊಳ್ಳಬೇಕೋ ಎಂದು ತೀರ್ಮಾನಿಸಬೇಕಾಗಿದೆ.