ಪಿಸ್ತೂಲಿನ ಸುಖ

ಹೊಸದಾಗಿ ಒಂದು ಉತ್ತಮ ಜಾತಿಯ ಪಿಸ್ತೂಲನ್ನು ಕೊಂಡು ತಂದವನ ಮುಖದಲ್ಲಿ ತೋರುವ ಸಂತೋಷವು ಸುಳ್ಳಲ್ಲ. ಅದನ್ನು ಖಂಡಿಸಹೊರಟವರು ಮೊದಲು ಅದು ಎಂಥದೆಂದು ಚೆನ್ನಾಗಿ ತಿಳಿದುಕೊಳ್ಳತಕ್ಕದ್ದು. ಪೂರ್ವಪಕ್ಷವನ್ನು ಬಡಕಲು ಮಾಡಿ ನಿಲ್ಲಿಸಿ ಕೆಡವುವದು ಶಾಸ್ತ್ರಾರ್ಥದ ರೀತಿಯಲ್ಲ. ಅದು ಸಂತೆಯ ಜಗಳದ ರೀತಿ.

ಕೊಳ್ಳುವವನು ಪರವಾನಿಗೆಗಾಗಿ ಬಹುದಿನ ಕಾಯ್ದಿರುತ್ತಾನೆ. ಕಡೆಗೊಂದು ದಿನ ಎಣ್ಣೆಯ ವಾಸನೆಯ ಹೊದಿಕೆಯನ್ನು ಬಿಡಿಸಿದಾಗ ಉಕ್ಕಿನ ತಣ್ಪು ಅಂಗೈಗೆ ತಾಗುತ್ತದೆ. ಅಳತೆ ಕೊಟ್ಟು ಮಾಡಿಸಿದಂತೆ ಹಿಡಿಯು ಕೈಗೆ ಕೂಡುತ್ತದೆ. ಕೂದಲೆಳೆಯ ಎಡೆಯೂ ಇಲ್ಲದಂತೆ ಭಾಗಗಳು ಒಂದರೊಳಗೊಂದು ಸರಿಯುತ್ತವೆ. ಆಮೇಲೆ ಗುರಿಯ ಹಲಗೆಯ ಮುಂದೆ ನಿಂತು, ಉಸಿರನ್ನು ಅರ್ಧಕ್ಕೆ ತಡೆದು, ನಳಿಗೆಯ ತುದಿಯ ಮೊನೆಯಲ್ಲಿ ದೃಷ್ಟಿಯನ್ನು ನೆಟ್ಟು, ಬೆರಳ ಕೆಳಗಿನ ಕುದುರೆಯನ್ನು ಎಳೆದೆನೆಂಬ ಅರಿವೇ ಬಾರದಂತೆ ಮೆಲ್ಲನೆ ಒತ್ತುವದು, ಸಿಡಿತ, ಮಣಿಕಟ್ಟಿನಲ್ಲೊಂದು ಒದೆತ. ಕಾಗದವನ್ನು ತಂದು ನೋಡಿದರೆ ಐದು ತೂತುಗಳನ್ನೂ ಒಂದು ಹಸ್ತದಿಂದ ಮುಚ್ಚಬಹುದು. ಒಳ್ಳೆಯ ಬಡಿಗನು ಒಳ್ಳೆಯ ಉಳಿಯನ್ನು ಹಿಡಿದಾಗ ಪಡುವ ಸುಖಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಇಷ್ಟೇ ಆಗಿದ್ದರೆ ವಾದವೇ ಬೇಡ. ಆದರೆ ಈ ಸುಖದ ಪಕ್ಷದವರು ಇಷ್ಟಕ್ಕೆ ನಿಲ್ಲುವದಿಲ್ಲ. ಮುಂಡಗೋಡದಂಥ ಊರಲ್ಲಿಯೂ, ಆಯುಧಪೂಜೆಯ ದಿನ ಕುಡಗೋಲು ಕೊಡಲಿ ನೇಗಿಲುಗಳ ನಡುವೆ ಒಂದು ಪಿಸ್ತೂಲು ಕುಳಿತರೇನೇ ಪೂಜೆಗೆ ಅರ್ಥ ಬರುವದೆಂದೂ, ಸೊಂಟದಲ್ಲಿ ಅದನ್ನು ಧರಿಸಿದವನೇ ಗಂಡಸೆಂದೂ, ಇದೇ ನಮ್ಮ ಹಿಂದಿನವರ ಕ್ಷಾತ್ರವೆಂದೂ ಹೇಳುವವರುಂಟು. ಇಲ್ಲಿಯೇ ತಪ್ಪು ಒಳಸೇರುತ್ತದೆ.

ಈ ಸುಖದಲ್ಲಿ ಎರಡು ಧಾತುಗಳು ಬೆರೆತಿವೆ. ಒಂದು ಅಭ್ಯಾಸದ್ದು. ಅದನ್ನು ಮಾತ್ರ ಬೇರ್ಪಡಿಸಿ ನೋಡಬೇಕೆನ್ನುವವರು ಬೆಂಗಳೂರಿನ ಪ್ರಕಾಶ ನಂಜಪ್ಪನವರನ್ನು ನೆನೆಯಬೇಕು. ಅವರು 2013ರಲ್ಲಿ ಕೊರಿಯದ ಚಾಂಗ್ವಾನ್ ಪಟ್ಟಣದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಹತ್ತು ಮೀಟರ್ ಗಾಳಿ ಪಿಸ್ತೂಲಿನಿಂದ ಕಂಚಿನ ಪದಕವನ್ನು ಪಡೆದರು. ಆ ಪಿಸ್ತೂಲಿನಲ್ಲಿ ಮದ್ದಿಲ್ಲ, ಹೊಗೆಯಿಲ್ಲ, 4.5 ಮಿಲಿಮೀಟರಿನ ಸೀಸದ ಚೂರೊಂದನ್ನು ಬಿಗಿದ ಗಾಳಿಯು ದೂಡುತ್ತದೆ. ಹತ್ತು ಅಂಕದ ಉಂಗುರದ ಅಗಲವು 11.5 ಮಿಲಿಮೀಟರು ಮಾತ್ರ. ಒಂದೇ ಕೈಯನ್ನು ಚಾಚಿ ಅಂಥ ಗುರಿಗೆ ಅರವತ್ತು ಸಲ ಹೊಡೆಯುವದೆಂದರೆ ಪ್ರಾಣಾಯಾಮದ ಅರ್ಧ ಪಾಠವಾದಂತೆಯೇ ಸರಿ. ಕೊಡಗಿನವರು ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಊರ ಜನರ ಮುಂದೆ ನಡೆಸುವದೂ ಇದೇ ಜಾತಿಯ ಸುಖ. ಅಭ್ಯಾಸವನ್ನು ಬಯಸುವವನಿಗೆ ಇವುಗಳಲ್ಲಿ ಏನು ಕೊರತೆ? ಆದರೂ ಸೊಂಟದ ಪಿಸ್ತೂಲಿನವರು ಗಾಳಿ ಪಿಸ್ತೂಲನ್ನು ಮಕ್ಕಳ ಆಟಿಕೆಯೆಂದು ನಗುತ್ತಾರೆ. ಆ ನಗೆಯೇ ಅವರ ಗುಟ್ಟನ್ನು ಹೊರಗೆಡಹುತ್ತದೆ. ಅದರಲ್ಲಿ ಇಲ್ಲದಿರುವದು ಗುರಿಯಲ್ಲ, ಕೌಶಲವಲ್ಲ. ನಳಿಗೆಯ ಆಚೆಯ ತುದಿಯಲ್ಲಿ ಹೆದರತಕ್ಕ ಒಬ್ಬ ಮನುಷ್ಯನು.

ಇದೇ ಎರಡನೆಯ ಧಾತು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಇದಕ್ಕೊಂದು ಕಥೆಯುಂಟು; ರಾತ್ರಿಯ ಕೊಲೆಯ ಕೋಲಾಹಲದಲ್ಲಿ ಅದನ್ನು ಗಮನಿಸುವವರು ಕಡಿಮೆ. ಅಶ್ವತ್ಥಾಮನು ಒಮ್ಮೆ ದ್ವಾರಕೆಗೆ ಬಂದು, ತನ್ನಲ್ಲಿದ್ದ ಬ್ರಹ್ಮಶಿರೋಸ್ತ್ರವನ್ನು ಕೊಡುವದಾಗಿ ಹೇಳಿ ಅದಕ್ಕೆ ಬದಲು ಶ್ರೀಕೃಷ್ಣನ ಚಕ್ರವನ್ನು ಬೇಡಿದನು. ಕೃಷ್ಣನು ಬದಲಾಗಿ ಏನನ್ನೂ ಅಪೇಕ್ಷಿಸದೆ, ಎತ್ತಿಕೊಂಡು ಹೋಗೆಂದನು. ಎಡಗೈಯಿಂದ ಎಳೆದನು, ಬಲಗೈಯಿಂದ ಎಳೆದನು, ಚಕ್ರವು ಅಲುಗಲಿಲ್ಲ. ಬಳಲಿ ನಿಂತವನನ್ನು ಕೃಷ್ಣನು ಕೇಳಿದ ಪ್ರಶ್ನೆ ಒಂದೇ: ಇದು ನಿನಗೇತಕ್ಕೆ? ಇದರಿಂದ ನಿನ್ನೊಡನೆಯೇ ಯುದ್ಧಮಾಡಿ ಅಜೇಯನೆನಿಸಬೇಕೆಂದು ಆತನು ಒಪ್ಪಿಕೊಂಡನು. ಯಾವ ವೈರಿಯೂ ಆತನನ್ನು ಅಟ್ಟಿಸಿಕೊಂಡು ಬಂದಿರಲಿಲ್ಲ. ಆಯುಧದ ಆಸೆ ಮೊದಲು, ವೈರಿಯನ್ನು ಗೊತ್ತುಮಾಡಿದ್ದು ಆಮೇಲೆ.

ಕ್ಷಾತ್ರದ ಮಾತನ್ನು ಎತ್ತುವವರು ಧನುರ್ವೇದದ ವಿಭಾಗವನ್ನಾದರೂ ನೋಡಬಾರದೇ? ಅಗ್ನಿಪುರಾಣವು ಯಂತ್ರಮುಕ್ತ, ಪಾಣಿಮುಕ್ತ, ಮುಕ್ತಸಂಧಾರಿತ, ಅಮುಕ್ತವೆಂದು ಆಯುಧಗಳನ್ನು ವಿಂಗಡಿಸಿ, ಬರಿಗೈಯ ಬಾಹುಯುದ್ಧವನ್ನು ಐದನೆಯದಾಗಿ ಎಣಿಸುತ್ತದೆ. ಬಿಲ್ಲು ಯಂತ್ರಮುಕ್ತ; ಖಡ್ಗವು ಅಮುಕ್ತ. ಪಿಸ್ತೂಲು ಕೆಲಸದಲ್ಲಿ ಬಿಲ್ಲಿನ ಪಂಕ್ತಿಗೆ ಸೇರತಕ್ಕದ್ದು. ಆದರೆ ಬಿಲ್ಲನ್ನು ಧೋತರದ ಮರೆಯಲ್ಲಿ ಅಡಗಿಸಲಾಗದು. ಬಿಲ್ಲುಗಾರನು ಬರುತ್ತಿರುವದು ಎದುರಿನವನಿಗೆ ಕಾಣುತ್ತದೆ. ದೂರದಿಂದ ಕೊಲ್ಲುವ ಶಕ್ತಿ, ಹತ್ತಿರದಲ್ಲಿ ಅಡಗುವ ಗುಣ, ಈ ಎರಡೂ ಒಂದರಲ್ಲಿಯೇ ಕೂಡಿದ ಇದನ್ನು ಹಿಂದಿನವರ ಕ್ಷಾತ್ರಕ್ಕೆ ಗಂಟುಹಾಕುವದು ಹಿಂದಿನವರಿಗೆ ಮಾಡುವ ಅನ್ಯಾಯ.

ಹಲಗಲಿಯನ್ನು ಮುಂದಿಡುವವರೂ ಇದ್ದಾರೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು, ಊರು ಸುಟ್ಟಿತು, ಅನೇಕರು ಗಲ್ಲಿಗೇರಿದರು. ಅದು ಪೂಜ್ಯವಾದ ನೆನಪೇ. ಆದರೆ ಅವರು ಕಾಯ್ದುಕೊಂಡದ್ದು ತಲೆಮಾರುಗಳಿಂದ ಊರೆಲ್ಲ ಬಲ್ಲ, ಗೋಡೆಗೆ ತೂಗುಹಾಕಿದ, ಹೊಟ್ಟೆಹೊರೆಯುವ ಆಯುಧಗಳನ್ನು. 2014ರಲ್ಲಿ ಕಾನಪುರದ ಸರಕಾರಿ ಕಾರಖಾನೆಯವರು ‘ನಿರ್ಭೀಕ’ವೆಂಬ ಹಗುರಾದ .32 ರಿವಾಲ್ವರನ್ನು ಸ್ತ್ರೀಯರ ರಕ್ಷಣೆಗೆಂದು ಹೊರತಂದಾಗ, ಅದರ ಬೆಲೆಯು 1,22,000 ರೂಪಾಯಿಗೂ ಮಿಕ್ಕಿತ್ತು. ಅದನ್ನು ಇಟ್ಟುಕೊಟ್ಟದ್ದು ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ. ಹಲಗಲಿಯ ಯಾವ ಬೇಡನೂ ತನ್ನ ಬಂದೂಕನ್ನು ಒಡವೆಯ ಪೆಟ್ಟಿಗೆಯಿಂದ ತೆಗೆಯಲಿಲ್ಲ. ಗದ್ದೆಯ ಕೂಲಿಗೆ ಹೋಗುವ ಯಾವ ಹೆಂಗಸಿಗೆ ಆ ಬೆಲೆಯ ರಕ್ಷಣೆಯು ದೊರಕೀತೆಂಬದನ್ನು ಯಾರೂ ಕೇಳಿಕೊಂಡಂತೆ ಕಾಣಲಿಲ್ಲ.

ಮುಂಡಗೋಡಕ್ಕೆ ಧಾರವಾಡವು ನೆರೆಯ ಊರು. ಎರಡು ತಾಸಿನೊಳಗಿನ ದಾರಿ. 2015ರ ಆಗಸ್ಟ 30ರ ಬೆಳಿಗ್ಗೆ ಅಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಮನೆಯ ಬಾಗಿಲು ತೆರೆದು ಬಂದವರನ್ನು ಮಾತನಾಡಿಸಿದರು. ಬಂದವರು ಪಿಸ್ತೂಲಿನಿಂದ ಹೊಡೆದು ಹೋದರು. ‘ಮಾರ್ಗ’ದ ಸಂಪುಟಗಳಲ್ಲಿ ಅವರು ಹೇಳಿದ್ದಕ್ಕೆ ಎದುರು ಹೇಳತಕ್ಕದ್ದು ಬಹಳವಿದ್ದಿರಬಹುದು, ಪಂಡಿತರಲ್ಲಿ ಕೆಲವರು ಹೇಳಿಯೂ ಇದ್ದರು. ಅದು ಲೇಖನಿಯ ಕೆಲಸವಾಗಿತ್ತು. 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದುದೂ ಅದೇ 7.65 ಮಿಲಿಮೀಟರಿನ ಪಿಸ್ತೂಲೆಂದು ರಾಜ್ಯದ ಪ್ರಯೋಗಾಲಯವು ವರದಿ ಮಾಡಿತು. ಅದು ಕಳ್ಳತನದ ನಾಡಪಿಸ್ತೂಲು, ಪರವಾನಿಗೆಯ ಉತ್ತಮ ಜಾತಿಯದಲ್ಲವೆಂದು ಆಕ್ಷೇಪಿಸುವರು. ಹೌದು. ಆದರೆ ಉತ್ತಮ ಅಧಮವೆಂಬ ಭೇದವು ಕೊಂಡವನ ಸುಖದಲ್ಲಿ ಮಾತ್ರ ಉಂಟು, ಬಿದ್ದವನ ಹೊಸ್ತಿಲಲ್ಲಿ ಇಲ್ಲ.

ಮುಂಡಗೋಡದ ಟಿಬೇಟಿಯನ್ನರ ವಸಾಹತಿಗೆ ಯಾರಾದರೂ ಹೋಗಿ ನೋಡಬಹುದು. ನಾಡು ಕಳೆದುಕೊಂಡು 1966ರಿಂದ ಅಲ್ಲಿ ನೆಲೆಸಿದ ಆ ಜನರ ಗಾದೆನ್ ಮತ್ತು ಡ್ರೆಪುಂಗ ಮಠಗಳ ಅಂಗಳದಲ್ಲಿ ಭಿಕ್ಷುಗಳು ತರ್ಕವನ್ನು ನಡೆಸುತ್ತಾರೆ. ಕುಳಿತವನು ಪಕ್ಷವನ್ನು ಹಿಡಿದಿರುತ್ತಾನೆ; ನಿಂತವನು ಪ್ರಶ್ನೆಯನ್ನು ಹಾಕಿ ಕಾಲನ್ನು ಅಪ್ಪಳಿಸಿ ಕೈಯ ಮೇಲೆ ಕೈಯನ್ನು ಬಡಿಯುತ್ತಾನೆ. ಆ ಸದ್ದೂ ಸಿಡಿತದಂತೆಯೇ ಕೇಳಿಸುತ್ತದೆ. ಉತ್ತರ ಹೇಳಬೇಕಾದವನು ಮಾತ್ರ ಬದುಕಿರುತ್ತಾನೆ.

ಇನ್ನು ಕಾಯಿದೆಯ ಮಾತು. 1959ರ ಶಸ್ತ್ರಾಸ್ತ್ರಗಳ ಕಾಯಿದೆಯೇ ಈ ಭೇದವನ್ನು ಬಲ್ಲದು. ಬೆಳೆಯ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೋ, ರಕ್ಷಣೆ ಅಥವಾ ಕ್ರೀಡೆಗೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೋ ಕೇಳಿದವನಿಗೆ ಅದು ಸುಲಭದ ದಾರಿಯನ್ನಿಟ್ಟಿದೆ. ಮಿಕ್ಕವಕ್ಕೆ ಸಕಾರಣವಿದೆಯೆಂದು ಅಧಿಕಾರಿಗೆ ಮನಗಾಣಿಸಬೇಕು. 2019ರ ತಿದ್ದುಪಡಿಯು ಒಬ್ಬನ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಗಳಲ್ಲಿ ಹುಮ್ಮಸ್ಸಿನಿಂದ ಗುಂಡು ಹಾರಿಸಿ ಪರರಿಗೆ ಅಪಾಯ ತರುವವನಿಗೆ ಎರಡು ವರ್ಷಗಳವರೆಗೆ ಸೆರೆ ಅಥವಾ ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಸುಖವು ಎಲ್ಲಿಗೆ ಹೋಗಿ ಮುಟ್ಟುವದೆಂಬದು ಶಾಸನಸಭೆಗೂ ತಿಳಿದಿತ್ತು.

ಆದರೆ ನಡೆಯುವದೇನು? ಭತ್ತವು ತೆನೆಹಿಡಿದಾಗ ದಾಂಡೇಲಿ ಹಳಿಯಾಳಗಳ ಅಡವಿಯಿಂದ ಆನೆಗಳು ಮುಂಡಗೋಡದ ಗದ್ದೆಗಳಿಗೆ ಇಳಿಯುತ್ತವೆ. ಹಂದಿಯ ಕಾಟವು ವರ್ಷವಿಡೀ ಇದ್ದದ್ದೇ. ಮಾಳದ ಮೇಲೆ ರಾತ್ರಿ ಕಳೆಯುವ ಒಕ್ಕಲಿಗನಿಗೆ ಕೋವಿಯೆಂದರೆ ಬಹುತೇಕ ಒಂದು ಸದ್ದು. ಆಕಾಶಕ್ಕೆ ಹಾರಿಸಿ ಹೆದರಿಸುವದಕ್ಕೆ ಬೇಕಾದದ್ದು. ಅವನು ಅದನ್ನು ಕೈಯಲ್ಲಿ ಹಿಡಿದು ಆನಂದಪಡುವದಿಲ್ಲ, ನಿದ್ದೆಗೆಟ್ಟು ಬೈಯುತ್ತಾನೆ. ಚುನಾವಣೆಯ ಘೋಷಣೆಯಾದ ಕೂಡಲೆ ಅದೇ ಕೋವಿಯನ್ನು ಪೋಲೀಸ ಠಾಣೆಯಲ್ಲಿ ಇಟ್ಟುಬರಬೇಕಾಗುತ್ತದೆ. ಚುನಾವಣೆಯು ಯಾವ ಮಾಸದಲ್ಲಿ ಬಂತೆಂಬದು ಹಂದಿಗೆ ತಿಳಿಯದು. ಯಾರ ಆಯುಧವನ್ನು ಇಡಿಸಿಕೊಳ್ಳಬೇಕೆಂಬದನ್ನು ಒಂದು ಪರಿಶೀಲನಾ ಸಮಿತಿಯು ಒಬ್ಬೊಬ್ಬರ ನಡತೆಯನ್ನು ನೋಡಿ ತೀರ್ಮಾನಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಆಯುಧದ ಹಕ್ಕಿನ ವಿಷಯದಲ್ಲಿ ಇಷ್ಟೊಂದು ಕಳಕಳಿಯುಳ್ಳವರು ತಮ್ಮ ಪಿಸ್ತೂಲಿನ ಅರ್ಜಿಯನ್ನು ಬದಿಗಿಟ್ಟು, ಮುಂದಿನ ಚುನಾವಣೆ ಬರುವದಕ್ಕೆ ಮೊದಲು, ಅಪರಾಧದ ದೋಷವಿಲ್ಲದ ಒಕ್ಕಲಿಗನ ಬೆಳೆಗಾವಲಿನ ಕೋವಿಯನ್ನು ಆ ಸೂಚನೆಯಂತೆ ಅವನ ಮನೆಯಲ್ಲಿಯೇ ಬಿಡಿಸುವದಕ್ಕಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ಒಂದು ಬಿನ್ನವತ್ತಳೆಯನ್ನು ಬರೆಯಲಿ. ಸಹಿ ಹಾಕುವವರು ಹಳ್ಳಿಗೆ ಹತ್ತು ಜನ ಸಿಕ್ಕಾರು.