ಪರದೆಯ ಮೇಲೆ ಮದ್ಯ ಮುಟ್ಟದ ನಾಯಕ

1967ರ ವಿಧಾನಸಭಾ ಚುನಾವಣೆಯಲ್ಲಿ ಮದರಾಸಿನ ಪರಂಗಿಮಲೈ ಕ್ಷೇತ್ರದ ಅಭ್ಯರ್ಥಿಯೊಬ್ಬರು ಪ್ರಚಾರಕ್ಕೆ ಹೊರಡುವ ಸ್ಥಿತಿಯಲ್ಲಿರಲಿಲ್ಲ. ಜನವರಿ 12ರಂದು ಸಹನಟ ಎಂ.ಆರ್. ರಾಧಾ ಹಾರಿಸಿದ ಗುಂಡು ತಗುಲಿ ಅವರು ಆಸ್ಪತ್ರೆಯಲ್ಲಿದ್ದರು. ಕೊರಳಿಗೆ ಬ್ಯಾಂಡೇಜು ಸುತ್ತಿದ ಅವರ ಭಾವಚಿತ್ರವೊಂದೇ ಮತದಾರರ ಮನೆ ಬಾಗಿಲಿಗೆ ಹೋಯಿತು. ಎಂ.ಜಿ. ರಾಮಚಂದ್ರನ್ ಭಾರೀ ಅಂತರದಿಂದ ಗೆದ್ದರು.

ಈ ಗೆಲುವನ್ನು ಕೇವಲ ಅಭಿಮಾನಿಗಳ ಹುಚ್ಚೆಂದು ತಳ್ಳಿಹಾಕುವವರಿದ್ದಾರೆ. ಅದು ಬಡವರ ಬಗೆಗಿನ ನಮ್ಮ ತಾತ್ಸಾರವನ್ನಷ್ಟೇ ತೋರಿಸುತ್ತದೆ. 1917ರಲ್ಲಿ ಸಿಲೋನಿನ ನಾವಲಪಿಟಿಯದಲ್ಲಿ ಮಲಯಾಳಿ ದಂಪತಿಗೆ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಬಾಲಕರ ನಾಟಕ ಕಂಪೆನಿ ಸೇರಿದವರು ಅವರು. ಪರದೆಯ ಮೇಲೆ ಅವರು ರಿಕ್ಷಾ ಎಳೆದರು, ದೋಣಿ ನಡೆಸಿದರು. ಕುಡಿಯುವ, ಸೇದುವ ಪಾತ್ರಗಳಿಂದ ದೂರವುಳಿದರು. ದಿನವಿಡೀ ದುಡಿದ ಕೂಲಿಯನ್ನು ಗಂಡ ಗಡಂಗಿನಲ್ಲಿ ಕಳೆದು ಬರುವುದನ್ನು ಕಂಡ ತಾಯಂದಿರಿಗೆ ಇಂಥ ನಾಯಕ ಕೇವಲ ಮನರಂಜನೆಯಾಗಿರಲು ಹೇಗೆ ಸಾಧ್ಯ?

ಡಿಎಂಕೆ ಸರಕಾರ 1971ರಲ್ಲಿ ಪಾನನಿಷೇಧವನ್ನು ಹಿಂತೆಗೆದುಕೊಂಡಾಗ ಅಸಮಾಧಾನಗೊಂಡವರಲ್ಲಿ ಅವರೂ ಒಬ್ಬರು. ಪಕ್ಷದ ಲೆಕ್ಕಪತ್ರ ಕೇಳಿದ್ದಕ್ಕಾಗಿ 1972ರ ಅಕ್ಟೋಬರಿನಲ್ಲಿ ಉಚ್ಚಾಟಿತರಾಗಿ ಸ್ವಂತ ಪಕ್ಷ ಕಟ್ಟಿದರು, 1977ರಲ್ಲಿ ಮುಖ್ಯಮಂತ್ರಿಯಾದರು.

1982ರ ಜುಲೈಯಲ್ಲಿ ಅವರು ಆರಂಭಿಸಿದ ಪೌಷ್ಟಿಕ ಮಧ್ಯಾಹ್ನದೂಟ ಯೋಜನೆಯನ್ನು ಪಂಡಿತರು ಮತಗಳಿಕೆಯ ದುಂದುವೆಚ್ಚವೆಂದು ಜರೆದರು. ಶಾಲೆಯಲ್ಲಿ ಊಟ ಕಾಮರಾಜರ ಕಾಲದಲ್ಲೇ ಇತ್ತು, ನಿಜ. ಅದನ್ನು ಲಕ್ಷೋಪಲಕ್ಷ ಮಕ್ಕಳಿಗೆ ವಿಸ್ತರಿಸಿದವರು, ತನ್ನ ಬಾಲ್ಯದ ಹಸಿವೇ ಅದಕ್ಕೆ ಪ್ರೇರಣೆಯೆಂದ ಈ ‘ನಟ’ನೇ. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ರಾಜ್ಯಗಳಿಗೆ ಆದೇಶಿಸಿದ್ದು 2001ರಲ್ಲಿ! ಇಂದು ನಮ್ಮ ಕರ್ನಾಟಕದ ಸರಕಾರಿ ಶಾಲೆಯಲ್ಲಿ ಮಗುವೊಂದು ಬಿಸಿಯೂಟಕ್ಕೆ ಕುಳಿತಾಗ ಆ ಪರಂಪರೆಯ ಪಾಲು ಅದರ ತಟ್ಟೆಯಲ್ಲೂ ಇದೆ.

ಆದರೆ ಅದೇ ಆಡಳಿತ 1981ರಲ್ಲಿ ಪಾನನಿಷೇಧವನ್ನು ಸಡಿಲಿಸಿ ಸಾರಾಯಿ ಅಂಗಡಿಗಳಿಗೆ ಬಾಗಿಲು ತೆರೆಯಿತು. 1983ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆಂದೇ ಟಾಸ್ಮಾಕ್ ಎಂಬ ಸರಕಾರಿ ನಿಗಮ ಹುಟ್ಟಿತು. ಮಗುವಿನ ಮುಂದೆ ತಟ್ಟೆಯಿಟ್ಟ ಕೈಯೇ ತಂದೆಯ ಮುಂದೆ ಲೋಟವನ್ನಿಟ್ಟಿತು. ಪರದೆಯ ಶೀಲವನ್ನು ನಂಬಿ ಮತ ಹಾಕಿದ ತಾಯಂದಿರು ಈ ಲೆಕ್ಕವನ್ನು ಯಾರಲ್ಲಿ ಕೇಳಬೇಕಿತ್ತು? ಕೇಳುವವರಿಗೆ ಕಾಲ ಅಷ್ಟೇನೂ ಅನುಕೂಲಕರವಾಗಿರಲಿಲ್ಲ. ರಾಜಕಾರಣಿಗಳನ್ನು ಗೇಲಿ ಮಾಡಿದ ಒಂದು ವ್ಯಂಗ್ಯಚಿತ್ರಕ್ಕಾಗಿ ‘ಆನಂದ ವಿಕಟನ್’ ವಾರಪತ್ರಿಕೆಯ ಸಂಪಾದಕರಿಗೆ 1987ರಲ್ಲಿ ವಿಧಾನಸಭೆಯೇ ಮೂರು ತಿಂಗಳ ಸಜೆ ವಿಧಿಸಿತ್ತು. ಪ್ರತಿಭಟನೆ ಭುಗಿಲೆದ್ದುದರಿಂದ ಕೆಲವೇ ದಿನಗಳಲ್ಲಿ ಬಿಡುಗಡೆಯಾಯಿತೆಂಬುದು ಬೇರೆ ಮಾತು.

1984ರಲ್ಲಿ ಅವರು ನ್ಯೂಯಾರ್ಕಿನ ಬ್ರೂಕ್ಲಿನ್ ಆಸ್ಪತ್ರೆಯಲ್ಲಿದ್ದುಕೊಂಡೇ ಆಂಡಿಪಟ್ಟಿಯಿಂದ ಗೆದ್ದರು. ಮತ್ತೆ ಅದೇ ಆಸ್ಪತ್ರೆ, ಅದೇ ಭಾವಚಿತ್ರ. 1987ರ ಡಿಸೆಂಬರ್ 24ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ದುಃಖ ತಾಳಲಾರದೆ ಪ್ರಾಣ ಕಳೆದುಕೊಂಡ ಅಭಿಮಾನಿಗಳೂ ಇದ್ದರು. ಮರುವರ್ಷ ಭಾರತರತ್ನ ಬಂತು. ಮಧ್ಯಾಹ್ನದೂಟವನ್ನು ನಿಲ್ಲಿಸುವ ಧೈರ್ಯ ಆನಂತರದ ಯಾವ ಸರಕಾರಕ್ಕೂ ಬರಲಿಲ್ಲ. ಟಾಸ್ಮಾಕನ್ನೂ ಯಾರೂ ಮುಚ್ಚಲಿಲ್ಲ. ಬೆಳ್ಳಿತೆರೆಯಿಂದಲೇ ಬಂದ ಅವರ ಉತ್ತರಾಧಿಕಾರಿ ಜಯಲಲಿತಾರ ಸರಕಾರ 2003ರಲ್ಲಿ ಚಿಲ್ಲರೆ ಮದ್ಯ ಮಾರಾಟದ ಹಕ್ಕನ್ನೂ ಆ ನಿಗಮಕ್ಕೇ ಒಪ್ಪಿಸಿತು.