ಕೊರೊನಾದ ಸಿಟ್ಟು ಕೂಸಿನ ಸೂಜಿ ಮ್ಯಾಲ ಯಾಕ?

ಕುಬಸಕ್ಕ ಹೋಗ್ರಿ, ತೊಟ್ಟಲಕ್ಕ ಹೋಗ್ರಿ, ಒಂದ ಮಾತು. "ಎರಡೂ ಡೋಸ್ ಹಾಕಿಸ್ಕೊಂಡ್ರೂ ಕೊರೊನಾ ಬಂತಲ್ಲ. ವೈರಸ್ ರೂಪಾ ಬದಲಿಸ್ತದಂತ, ಮತ್ಯಾಕ ಈ ಸೂಜಿ?" ಕೊರೊನಾದಾಗ ಮುಗದಿದ್ರ ನಾ ಸುಮ್ಮನಿರ್ತಿದ್ದೆ. ಈಗ ಅದನ್ನ ಹಿಡಕೊಂಡು ಒಂಬತ್ತ ತಿಂಗಳ ಕೂಸಿನ ದಡಾರದ ಸೂಜಿಗೂ "ಮುಂದ ನೋಡೂಣು" ಅನ್ನಾಕ ಸುರು ಮಾಡ್ಯಾರ. ಸಿಟ್ಟು ಬಂದು ಬರ್ಯಾಕತ್ತೀನಿ.

ವೈರಸ್ ಬದಲಾಗೂದು ಖರೇ. ಅದು ಮೈಯಾಗ ಹೊಕ್ಕು ತನ್ನ ನಕಲು ತಗೀತದ. ಆವಾಗ ತಪ್ಪಾಗ್ತಾವ, ಒಬ್ಬಾಕಿ ಬರದಿಟ್ಟ ಮಸಾಲಿಖಾರದ ಅಳತಿ ಹತ್ತ ಮಂದಿ ನೋಡಿ ಬರಕೊಂಡಾಗ ಆದಂಗ. ಬಹಳಷ್ಟು ತಪ್ಪಿನಿಂದ ವೈರಸ್ಸಿಗೇ ನುಕ್ಸಾನ. ಎಲ್ಲೋ ಒಂದು ತಪ್ಪು ಅದಕ್ಕ ಅನುಕೂಲ ಆತಂದ್ರ ಆ ರೂಪಾನ ಊರೆಲ್ಲ ಹಬ್ಬತದ.

"ಲಸಿಕಿ ಹಾಕಿದ್ದಕ್ಕನ ವೈರಸ್ ಬದಲಾತು" ಅನ್ನೂ ವಾಟ್ಸಾಪ್ ಪಂಡಿತರಿಗೆ ಎರಡು ತಾರೀಖು ಹೇಳ್ತೀನಿ. ಡೆಲ್ಟಾದ ಮೊದಲ ಮಾದರಿ ಭಾರತದಾಗ ಸಿಕ್ಕಿದ್ದು 2020ರ ಅಕ್ಟೋಬರದಾಗ. ಇಲ್ಲೆ ಲಸಿಕಿ ಹಾಕಾಕ ಸುರು ಮಾಡಿದ್ದು 2021ರ ಜನವರಿ 16ಕ್ಕ. ಸೂಜಿಕಿಂತ ಮೊದಲ ಹುಟ್ಟಿದ್ದಕ್ಕ ಸೂಜಿ ಹೆಂಗ ಕಾರಣ ಆದೀತು?

ಇನ್ನ ಓಮಿಕ್ರಾನ್. 2021ರ ನವೆಂಬರದಾಗ ದಕ್ಷಿಣ ಆಫ್ರಿಕಾದವರು ಜಗತ್ತಿಗೆ ತಿಳಿಸಿದ್ರು. ಡಿಸೆಂಬರ್ 2ಕ್ಕ ದೇಶದ ಮೊದಲ ಎರಡು ಕೇಸು ನಮ್ಮ ಬೆಂಗಳೂರಾಗನ ಸಿಕ್ಕಾವಂತ ಸುದ್ದಿ ಬಂತು. ಅದರ ಮೈಮ್ಯಾಲಿನ ಮುಳ್ಳಿನಾಗ, ಅಂದ್ರ ಸ್ಪೈಕ್ ಪ್ರೋಟೀನಿನಾಗ, 30 ಬದಲಾವಣಿ ಮ್ಯಾಲ. ನಮ್ಮ ಲಸಿಕಿ ತಯಾರಾಗಿದ್ದು 2020ರ ಹಳೇ ರೂಪಾ ನೋಡಿ. ಹಿಂಗಾಗಿ ರಕ್ತದಾಗಿನ ಪ್ರತಿಕಾಯಗಳಿಗೆ ಇದರ ಗುರುತು ಸರಿ ಹತ್ತಲಿಲ್ಲ, ಸೋಂಕು ಮನಿಮನಿ ಹೊಕ್ತು. ಆದ್ರ ಟಿ ಕೋಶ ಅಂತ ಅದಾವ, ಅವು ವೈರಸ್ಸಿನ ಬ್ಯಾರೆ ಬ್ಯಾರೆ ತುಣುಕು ನೋಡಿ ಗುರುತು ಹಿಡೀತಾವ. ಎಲ್ಲಾ ತುಣುಕೂ ಬದಲಾಗಿರಲಿಲ್ಲ. ಅದಕ್ಕ ನೆಗಡಿ ಜ್ವರಾ ಬಂದ್ವು, ಆಕ್ಸಿಜನ್ ಹಚ್ಚೂ ಪಾಳಿ ಬಹಳ ಮಂದಿಗೆ ಬರಲಿಲ್ಲ. ಹಾಕಿಸ್ಕೊಂಡವರಿಗೂ ಹಾಕಿಸ್ಕೊಳ್ಳದವರಿಗೂ ಫರಕ್ ಕಂಡದ್ದು ಅಲ್ಲೆ. ನಾಲ್ಕ ದಿವಸ ಮಲಗಿ ಎದ್ದು ರೊಟ್ಟಿ ಬಡ್ಯಾಕ ನಿಂತಾಕಿ "ಲಸಿಕಿ ಉಪಯೋಗಿಲ್ಲ" ಅಂದ್ರ ನಾ ಏನ್ ಅನಲಿ!

ಎಲ್ಲಾ ವೈರಸ್ಸೂ ಒಂದ ನಮೂನಿ ಅಲ್ರಿ. ಫ್ಲೂ ಬಹಳ ಬದಲಾಗ್ತದ. ಅದಕ್ಕನ ಲಸಿಕ್ಯಾಗ ಯಾವ ರೂಪಾ ಇರಬೇಕಂತ ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕ ಎರಡ ಸಲ ಕುಂತು ಹೇಳ್ತಾರ. ದಡಾರ, ನಮ್ಮ ಕಡೆ ಗೊಬ್ಬರ ಅಂತೀವಲ್ಲ, ಅದೂ ನಕಲಿನಾಗ ತಪ್ಪ ಮಾಡ್ತದ. ಆದ್ರ ಜೀವಕೋಶಕ್ಕ ಅಂಟಿಕೊಳ್ಳೂ ಜಾಗಾನ ಬದಲಾದ್ರ ಅದಕ್ಕ ಒಳಗ ಹೋಗಾಕ ಆಗೂದಿಲ್ಲ. 1954ರಾಗ ಬಾಸ್ಟನ್ನಿನ ಒಬ್ಬ ಹುಡುಗನ ರಕ್ತದಾಗಿಂದ ತಗದ ವೈರಸ್ಸಿನ ವಂಶದಿಂದನ ಜಗತ್ತಿನ ಬಹಳಷ್ಟು ದಡಾರದ ಲಸಿಕಿ ಇವತ್ತಿಗೂ ಮಾಡ್ತಾರ, ಇವತ್ತಿಗೂ ಅದು ತಡೀತದ. ಯಾರಿಗೂ ರಕ್ಷಣಾ ಇಲ್ಲದ ಕಡೆ ದಡಾರ ಬಂದ ಒಬ್ಬರಿಂದ 12ರಿಂದ 18 ಮಂದಿಗೆ ಹತ್ತತದ. ನ್ಯುಮೋನಿಯಾ ಆಗಿ ಕೂಸು ಹೋಗೂದೂ ಅದ. ಬೇವಿನ ತಪ್ಪಲಾ ಕಟ್ರಿ, ಅಮ್ಮಗ ಉಡಿ ತುಂಬ್ರಿ, ನಾ ಬ್ಯಾಡ ಅನ್ನೂದಿಲ್ಲ. ಸೂಜಿ ಮೊದಲ ಹಾಕಸ್ರಿ.

ಮೊದಲನೇದು 9 ತಿಂಗಳು ತುಂಬಿದ ಮ್ಯಾಲ, ಎರಡನೇದು 16ರಿಂದ 24 ತಿಂಗಳದೊಳಗ. ತಪ್ಪಿದ್ರ 5 ವರ್ಷದತನಾ ಹಾಕ್ತಾರ, ಸರ್ಕಾರಿ ದವಾಖಾನ್ಯಾಗ ರೊಕ್ಕಿಲ್ಲ. ಆಶಾ ಬಾಗಲಕ್ಕ ಬಂದ್ರ "ಕೂಸು ಮಲಗೇದ" ಅಂತ ಹೇಳಿ ಕಳಸಬ್ಯಾಡ್ರಿ, ಎಬ್ಬಸ್ರಿ.